ಕೆಂಪು ಮರಳಿನ ಅಜ್ಜಿಯರು

ಆಸ್ಟ್ರೇಲಿಯದ ಯುಟೋಪಿಯದಲ್ಲಿ ಹೆಂಗಸರು ಒಟ್ಟಿಗೆ ಕೂತು ಬಟ್ಟೆಗೆ ಬಣ್ಣ ಹಾಕಲು ಶುರುಮಾಡಿದರು. ಎಪ್ಪತ್ತು ದಾಟಿದವರ ಕೈಯಿಂದ ಅಲ್ಲಿ ಹೊರಬಂದ ಚಿತ್ರಗಳನ್ನು ಇವತ್ತು ಜಗತ್ತೇ ಹುಡುಕಿಕೊಂಡು ಹೋಗಿ ನೋಡುತ್ತಿದೆ.

ಆಸ್ಟ್ರೇಲಿಯ ಖಂಡದ ನಟ್ಟನಡುವೆ ಆಲಿಸ್ ಸ್ಪ್ರಿಂಗ್ಸ್ ಎಂಬ ಪಟ್ಟಣವಿದೆ. ಅಲ್ಲಿಂದ ಈಶಾನ್ಯಕ್ಕೆ ಸುಮಾರು 250 ಕಿ.ಮೀ. ಸಾಗಿದರೆ ಯುಟೋಪಿಯ. ಅದು ಒಂದೇ ಊರಲ್ಲ. ವರ್ಷದ ಬಹುಪಾಲು ಒಣಗಿಯೇ ಇರುವ ಸ್ಯಾಂಡೋವರ್ ನದಿಯ ಆಚೀಚೆ ಚದುರಿಕೊಂಡಿರುವ ಪುಟ್ಟ ಪುಟ್ಟ ವಸತಿಗಳಿಗೆಲ್ಲ ಸೇರಿ ಆ ಹೆಸರು. ಕೆಂಪು ಮರಳಿನ ಈ ನೆಲ ಅನ್ಮಾಟ್ಯೆರ್ ಮತ್ತು ಅಲ್ಯಾವಾರ್ ಎಂಬ ಎರಡು ಮೂಲನಿವಾಸಿ ಸಮುದಾಯಗಳ ತವರು. ಇಲ್ಲಿನ ಹೆಂಗಸರು 1978ರಲ್ಲಿ ಬಟ್ಟೆಗೆ ಬಣ್ಣ ಹಾಕುವ ಒಂದು ಬಾಟಿಕ್ ಗುಂಪು ಕಟ್ಟಿಕೊಂಡರು. ಹದಿನೈದು ವರ್ಷ ಕಳೆಯುವುದರೊಳಗೆ ಆಸ್ಟ್ರೇಲಿಯದ ಚಿತ್ರಕಲೆಯ ಬಗ್ಗೆ ಮಾತಾಡುವವರು ಯುಟೋಪಿಯದ ಹೆಸರು ಹೇಳದೆ ಮುಂದೆ ಹೋಗುವಂತಿರಲಿಲ್ಲ.

ಆ ಗುಂಪಿನಿಂದ ಬಂದ ದೊಡ್ಡ ಹೆಸರು ಎಮಿಲಿ ಕಾಮ ಉಂಗ್ವಾರೆ. ಅವರು ಹುಟ್ಟಿದ್ದು 1910ರ ಆಸುಪಾಸಿನಲ್ಲಿ. ಕ್ಯಾನ್ವಾಸಿನ ಮೇಲೆ ಮೊದಲ ಚಿತ್ರ ಬರೆದಾಗ ವಯಸ್ಸು ಎಪ್ಪತ್ತೈದು ದಾಟಿತ್ತು. ಆಮೇಲೆ ಬದುಕಿದ್ದು ಸುಮಾರು ಎಂಟು ವರ್ಷ. ಅಷ್ಟರಲ್ಲಿ ಅವರು ಬರೆದ ಚಿತ್ರಗಳ ಸಂಖ್ಯೆ ಸುಮಾರು 3,000 ಎಂದು ಅಂದಾಜು.

ಈ ಲೆಕ್ಕ ಕೇಳಿದವರು ಇದನ್ನೊಂದು ಪವಾಡವೆಂದು ಹೇಳಿ ಸುಮ್ಮನಾಗುತ್ತಾರೆ. ಮುದುಕಿಯೊಬ್ಬಳು ಇದ್ದಕ್ಕಿದ್ದಂತೆ ಕುಂಚ ಹಿಡಿದಳು, ಮಹಾ ಕಲಾವಿದೆಯಾದಳು ಎನ್ನುವ ಕಥೆ ಹೇಳಲು ಸುಲಭ. ನಡೆದದ್ದು ಅದಕ್ಕಿಂತ ದೊಡ್ಡದು. ಎಮಿಲಿ ಬದುಕಿನುದ್ದಕ್ಕೂ ಗೆರೆ ಎಳೆಯುತ್ತಲೇ ಬಂದವರು. ಆ ಗೆರೆಗಳನ್ನು ಅವರು ಒಂಟಿಯಾಗಿ ಕೂತು ಎಳೆದದ್ದೂ ಅಲ್ಲ.

ಮೈಮೇಲೆ, ಮರಳಿನ ಮೇಲೆ

ಅನ್ಮಾಟ್ಯೆರ್ ಹೆಂಗಸರಿಗೆ ಅವರದೇ ಆದ ಆಚರಣೆಗಳಿವೆ. ಅವುಗಳಿಗೆ ಅವೆಲ್ಯ ಎಂದು ಹೆಸರು. ಕೆಂಪು, ಹಳದಿ, ಬಿಳಿ ಮಣ್ಣನ್ನು ಅರೆದು, ಕೊಬ್ಬು ಸವರಿದ ಮೈಮೇಲೆ ಎದೆ, ಭುಜ, ತೋಳುಗಳಿಗೆ ಗೆರೆ ಬರೆಯುತ್ತಾರೆ. ಒಬ್ಬರ ಮೈಮೇಲೆ ಇನ್ನೊಬ್ಬರು ಬರೆಯುವಾಗ ಹಾಡು ನಡೆದೇ ಇರುತ್ತದೆ. ಪ್ರತಿ ಗೆರೆಗೂ ಒಂದು ನೆಲವಿದೆ, ಆ ನೆಲದ ಗಿಡವೋ ಪ್ರಾಣಿಯೋ ಇದೆ. ಯಾವ ಗೆರೆ ಯಾರಿಗೆ ಸೇರಿದ್ದು, ಯಾರು ಬರೆಯಬಹುದು ಎನ್ನುವುದೆಲ್ಲ ಹಿರಿಯ ಹೆಂಗಸರಿಗೆ ಗೊತ್ತು. ಈ ವಿದ್ಯೆಯಲ್ಲಿ ವಯಸ್ಸಾದಷ್ಟೂ ಅಧಿಕಾರ ಹೆಚ್ಚುತ್ತದೆ. ಎಮಿಲಿ ತಮ್ಮ ತವರು ನೆಲವಾದ ಅಲ್‌ಹಲ್ಕೆರೆಯ ಅವೆಲ್ಯಕ್ಕೆ ಹಿರಿಯರಾಗಿದ್ದರು.

ಇನ್ನೊಂದು ಅಭ್ಯಾಸ ಮರಳಿನ ಮೇಲೆ ಕಥೆ ಹೇಳುವುದು. ಹೆಂಗಸರು ನೆಲದಲ್ಲಿ ಕೂತು, ಮುಂದಿನ ಮರಳನ್ನು ಅಂಗೈಯಲ್ಲಿ ಸವರಿ ಸಮ ಮಾಡಿ, ಬೆರಳಿನಿಂದಲೋ ಕಡ್ಡಿಯಿಂದಲೋ ಬರೆಯುತ್ತ ಕಥೆ ಹೇಳುತ್ತಾರೆ. ಒಂದು ಸಂಗತಿ ಮುಗಿದರೆ ಚಿತ್ರವನ್ನು ಅಳಿಸಿ ಮುಂದಿನದನ್ನು ಬರೆಯುತ್ತಾರೆ. ಬೆಳಗ್ಗೆ ಬಾಗಿಲ ಮುಂದೆ ಚುಕ್ಕಿಯಿಟ್ಟು ಹಾಕಿದ ರಂಗೋಲಿ ಸಂಜೆಯ ಹೊತ್ತಿಗೆ ಕಾಲಡಿಯಲ್ಲಿ ಅಳಿಸಿಹೋಗುವುದನ್ನು ನೋಡುತ್ತ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿಯಬೇಕಾದದ್ದು ಕೈಯಲ್ಲಿ ಉಳಿಯುತ್ತದೆ.

1920ರ ದಶಕದಲ್ಲಿ ಬಿಳಿಯರು ಈ ನೆಲವನ್ನು ದನ ಸಾಕುವ ದೊಡ್ಡ ಜಮೀನು ಮಾಡಿಕೊಂಡರು. ಯುಟೋಪಿಯ ಎಂಬ ಹೆಸರೂ ಆಗ ಬಂದದ್ದೇ. ತಮ್ಮ ನೆಲದಲ್ಲೇ ಜನ ಕೂಲಿಯಾಳುಗಳಾದರು. ಎಮಿಲಿ ದನದ ಕೆಲಸ ಮಾಡಿದರು, ಒಂಟೆಗಳನ್ನೂ ನಡೆಸಿದರು. 1976ರಲ್ಲಿ ಭೂಹಕ್ಕಿನ ಕಾಯ್ದೆ ಬಂತು. 1979ರಲ್ಲಿ ಯುಟೋಪಿಯದ ದಾವೆ ವಿಚಾರಣೆಗೆ ಬಂದಾಗ ಅಲ್ಲಿನ ಹೆಂಗಸರು ತಮ್ಮ ಅವೆಲ್ಯವನ್ನು ನ್ಯಾಯಾಧೀಶರ ಮುಂದೆ ಮಾಡಿ ತೋರಿಸಿದರು. ಕಾಗದಪತ್ರವಿಲ್ಲದವರು ಹಾಡನ್ನೂ ಮೈಮೇಲಿನ ಗೆರೆಗಳನ್ನೂ ಸಾಕ್ಷಿಯಾಗಿ ಮುಂದಿಟ್ಟರು. ನೆಲ ಅವರದಾಯಿತು. ಈ ಹೆಂಗಸರ ಚಿತ್ರವನ್ನು ಬಿಡುವಿನ ಹವ್ಯಾಸವೆಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಮೇಣ, ಬೆಂಕಿ, ರೇಷ್ಮೆ

ಬಾಟಿಕ್ ಯುಟೋಪಿಯದ ಕಸುಬಲ್ಲ. ಅದು ಜಾವಾದ್ದು. ಬಟ್ಟೆಯ ಮೇಲೆ ಕಾದ ಮೇಣದಿಂದ ಚಿತ್ರ ಬರೆದು ಬಣ್ಣದಲ್ಲಿ ಅದ್ದಿದರೆ, ಮೇಣ ಕೂತ ಜಾಗಕ್ಕೆ ಬಣ್ಣ ಹಿಡಿಯುವುದಿಲ್ಲ. ಮತ್ತೆ ಮೇಣ, ಮತ್ತೆ ಬಣ್ಣ. ಕೊನೆಗೆ ಬಟ್ಟೆಯನ್ನು ಕುದಿಸಿ ಮೇಣ ಬಿಡಿಸುತ್ತಾರೆ. ಈ ವಿದ್ಯೆ 1971ರಲ್ಲಿ ದಕ್ಷಿಣ ಆಸ್ಟ್ರೇಲಿಯದ ಅರ್ನಬೆಲ್ಲ ಎಂಬಲ್ಲಿನ ಮೂಲನಿವಾಸಿ ಹೆಂಗಸರಿಗೆ ಬಂತು. ಅವರಲ್ಲಿ ಕೆಲವರು 1975ರಲ್ಲಿ ಜಾವಾದ ಯೋಗ್ಯಕರ್ತಕ್ಕೇ ಹೋಗಿ ಕಲಿತು ಬಂದರು. 1977ರಲ್ಲಿ ಯುಟೋಪಿಯದಲ್ಲಿ ವಯಸ್ಕರ ಶಿಕ್ಷಣದ ತರಗತಿಗಳು ನಡೆಯುತ್ತಿದ್ದಾಗ ಶಿಕ್ಷಕಿ ಜೆನ್ನಿ ಗ್ರೀನ್ ಬಾಟಿಕ್ ಕಲಿಸಲು ಕೈಹಾಕಿದರು, ಅರ್ನಬೆಲ್ಲದ ಕೈಗಳೂ ನೆರವಿಗೆ ಬಂದವು. ಹೀಗೆ ಜಾವಾದ ವಿದ್ಯೆ ಹೆಂಗಸರಿಂದ ಹೆಂಗಸರಿಗೆ ದಾಟುತ್ತ ಮರಳುಗಾಡಿನ ನಡುವಿಗೆ ತಲುಪಿತು.

ಅಲ್ಲಿ ಕೆಲಸ ನಡೆಯುತ್ತಿದ್ದುದು ಬಯಲಿನಲ್ಲಿ. ಮೇಜು ಕುರ್ಚಿ ಏನೂ ಇಲ್ಲ. ಸಣ್ಣ ಬೆಂಕಿಯ ಮೇಲೆ ಮೇಣ ಕರಗುತ್ತಿರುತ್ತಿತ್ತು. ಸುತ್ತ ಹೆಂಗಸರು, ಅವರ ಮಕ್ಕಳು, ನಾಯಿಗಳು. ಬಟ್ಟೆಯನ್ನು ತೊಡೆಯ ಮೇಲೆ ಹರಡಿಕೊಂಡು, ಚಾಂಟಿಂಗ್ ಎಂಬ ಸಣ್ಣ ಮೂತಿಯ ಸಾಧನದಿಂದಲೋ ಕುಂಚದಿಂದಲೋ ಮೇಣ ಹಾಕುತ್ತಿದ್ದರು. ಕುದಿಸಲು ದೊಡ್ಡ ಡ್ರಮ್ಮುಗಳಿದ್ದವು, ಒಣಗಿಸಲು ಮರದ ಕೊಂಬೆಗಳಿದ್ದವು. ಮೇಣ ತೊಟ್ಟಿಕ್ಕಿದರೆ ಅದನ್ನು ತಪ್ಪೆಂದು ಯಾರೂ ಎಣಿಸಲಿಲ್ಲ. ಆ ಹನಿಯೂ ಚಿತ್ರದೊಳಗೆ ಸೇರಿಹೋಗುತ್ತಿತ್ತು. ಎಮಿಲಿ ಮೊದಲಿನಿಂದಲೂ ಈ ಗುಂಪಿನಲ್ಲಿದ್ದರು. ಹತ್ತು ವರ್ಷ ಹೀಗೆ ಮೇಣದ ಜೊತೆ ಕಳೆದರು. ಕ್ಯಾನ್ವಾಸ್ ಬರುವ ಹೊತ್ತಿಗೆ ಅವರ ಕೈ ಚೆನ್ನಾಗಿ ಪಳಗಿತ್ತು.

1988ರಲ್ಲಿ ಈ ಗುಂಪು 88 ರೇಷ್ಮೆ ಬಟ್ಟೆಗಳ ಮೇಲೆ ತಮ್ಮ ನೆಲದ ಕಥೆಯನ್ನು ಬರೆಯಿತು. 88 ಜನರಿಗೆ 88 ಬಟ್ಟೆ. ಅಷ್ಟೂ ಒಟ್ಟಾಗಿ ಒಂದೇ ಸಂಗ್ರಹಕ್ಕೆ ಹೋದವು, ಮುಂದೆ ವಿದೇಶಗಳಲ್ಲೂ ಪ್ರದರ್ಶನಗೊಂಡವು.

ನೂರು ಕ್ಯಾನ್ವಾಸ್

ಬಾಟಿಕ್ ಶ್ರಮದ ಕೆಲಸ. ಕುದಿಯುವ ನೀರು, ಒದ್ದೆ ಬಟ್ಟೆಯ ಭಾರ, ಮತ್ತೆ ಮತ್ತೆ ಒಗೆಯುವುದು. ವಯಸ್ಸಾದವರಿಗೆ ಇದು ಸುಲಭವಲ್ಲ. 1988ರ ಕೊನೆಗೆ, ಅಲ್ಲಿನ ಬೇಸಿಗೆಯಲ್ಲಿ, ಗುಂಪಿನ ಕೆಲಸ ನೋಡಿಕೊಳ್ಳುತ್ತಿದ್ದ ರಾಡ್ನಿ ಗೂಚ್ ನೂರು ಸಣ್ಣ ಕ್ಯಾನ್ವಾಸುಗಳನ್ನೂ ಕೆಂಪು, ಹಳದಿ, ಕಪ್ಪು, ಬಿಳಿ ಬಣ್ಣಗಳನ್ನೂ ತಂದು ಹಂಚಿದರು. ಯಾರಿಗೆ ಪ್ರತಿಭೆಯಿದೆ, ಯಾರಿಗೆ ವಯಸ್ಸಾಗಿದೆ ಎಂದು ಆರಿಸಲು ಹೋಗಲಿಲ್ಲ. ಈ ಇಡೀ ಕಥೆಯಲ್ಲಿ ನನಗೆ ಬಹಳ ಮುಖ್ಯವೆನಿಸುವ ಸಂಗತಿ ಇದೇ. ಅವತ್ತು ಕಲಾವಿದೆಯನ್ನು ಹುಡುಕಿಕೊಂಡು ಯಾರೂ ಬರಲಿಲ್ಲ. ಎಲ್ಲರ ಮುಂದೆಯೂ ಬಣ್ಣ ಇಟ್ಟರು.

ಹಿಂತಿರುಗಿ ಬಂದ ಚಿತ್ರಗಳಲ್ಲಿ ಒಂದು ಎಮಿಲಿಯವರ 'ಎಮು ಹೆಣ್ಣು'. ಅಡಿಯಲ್ಲಿ ಅವೆಲ್ಯದ ಮೈಗೆರೆಗಳು, ಅವುಗಳ ಮೇಲೆ ಚುಕ್ಕಿಗಳು. 1989ರಲ್ಲಿ ಸಿಡ್ನಿಯಲ್ಲಿ ಈ ಮೊದಲ ಕ್ಯಾನ್ವಾಸುಗಳ ಪ್ರದರ್ಶನ ನಡೆದಾಗ ಎಲ್ಲರ ಕಣ್ಣು ಅದರ ಮೇಲೆ ಬಿತ್ತು. 1990ರಿಂದ ಎಮಿಲಿಯವರ ಚಿತ್ರಗಳಷ್ಟನ್ನೇ ಇಟ್ಟ ಪ್ರದರ್ಶನಗಳು ಶುರುವಾದವು.

ಗೆಣಸಿನ ಬಳ್ಳಿ

ಎಮಿಲಿ ಏನು ಬರೆದರು? ಒಂದು ಬಳ್ಳಿಯನ್ನು ಹಿಡಿದು ಹೋದರೆ ಅರ್ಧ ಉತ್ತರ ಸಿಗುತ್ತದೆ. ಯುಟೋಪಿಯದ ನೆಲದಲ್ಲಿ ಬೆರಳು ಗಾತ್ರದ ಗೆಡ್ಡೆ ಬಿಡುವ ಕಾಡುಗೆಣಸಿನ ಬಳ್ಳಿಯಿದೆ. ಸಸ್ಯಶಾಸ್ತ್ರದ ಪ್ರಕಾರ ಅದು ನಮ್ಮ ಹೆಸರು, ಉದ್ದು, ಅಲಸಂದೆಯ ಕುಲಕ್ಕೇ ಸೇರಿದ್ದು. ಗೆಡ್ಡೆ ಬಲಿತಾಗ ಮೇಲಿನ ನೆಲ ಬಿರುಕು ಬಿಡುತ್ತದೆ. ಆ ಬಿರುಕನ್ನು ಓದಬಲ್ಲವರಿಗೆ ಎಲ್ಲಿ ಅಗೆಯಬೇಕೆಂದು ತಿಳಿಯುತ್ತದೆ. ಈ ಬಳ್ಳಿ ಎಮಿಲಿಯವರ ನೆಲಕ್ಕೆ, ಅವರ ಆಚರಣೆಗೆ ಸೇರಿದ್ದು. ಅದರ ಬೀಜದ ಹೆಸರನ್ನೇ ಅವರಿಗೆ ಇಟ್ಟಿದ್ದರು.

ಮೊದಲ ವರ್ಷಗಳಲ್ಲಿ ಅವರು ಈ ಬೇರಿನ ಜಾಲವನ್ನು ಗೆರೆಯಾಗಿ ಬರೆದು ಮೇಲೆ ಬಣ್ಣಬಣ್ಣದ ಚುಕ್ಕಿ ಹೊದಿಸಿದರು. ಆಮೇಲೆ ಚುಕ್ಕಿಗಳು ದೊಡ್ಡವಾದವು, ಒಂದರೊಳಗೊಂದು ಬೆರೆತವು. 1994ರ 'ಭೂಮಿಯ ಸೃಷ್ಟಿ' ಆ ಬಗೆಯದು. ನಾಲ್ಕು ಭಾಗಗಳು ಸೇರಿ ಆರು ಮೀಟರಿಗೂ ಅಗಲವಾದ ಈ ಚಿತ್ರದಲ್ಲಿ ಮಳೆ ಬಿದ್ದ ಮೇಲಿನ ಮರುಭೂಮಿಯ ಹಸಿರು, ಹಳದಿ, ನೀಲಿ ಉಕ್ಕಿ ಬಂದಿವೆ. ಆಮೇಲೆ ಚುಕ್ಕಿಗಳನ್ನೂ ಬಿಟ್ಟು ಬರೀ ಪಟ್ಟೆಗಳಿಗೆ ಬಂದರು. 1995ರ 'ದೊಡ್ಡ ಗೆಣಸು' ಕಪ್ಪು ನೆಲೆಯ ಮೇಲೆ ಬಿಳಿ ಗೆರೆಗಳ ಚಿತ್ರ. ಎತ್ತರ ಸುಮಾರು 3 ಮೀಟರ್, ಅಗಲ 8 ಮೀಟರ್. ಕ್ಯಾನ್ವಾಸನ್ನು ನೆಲದಲ್ಲಿ ಹಾಸಿ, ಅದರ ಮೇಲೆಯೇ ಕೂತು, ಎಂಬತ್ತು ದಾಟಿದ ಎಮಿಲಿ ಎರಡು ದಿನದಲ್ಲಿ ಅದನ್ನು ಮುಗಿಸಿದರು. ಈಗ ಅದು ಮೆಲ್ಬರ್ನಿನ ನ್ಯಾಷನಲ್ ಗ್ಯಾಲರಿ ಆಫ್ ವಿಕ್ಟೋರಿಯದಲ್ಲಿದೆ. ಎಲ್ಲಿಯೂ ಅಳತೆ ಹಾಕಿದ ಗುರುತಿಲ್ಲ, ತಿದ್ದಿದ್ದಿಲ್ಲ. ಎಪ್ಪತ್ತು ವರ್ಷ ಗೆಣಸು ಅಗೆದ, ಮೈಮೇಲೆ ಗೆರೆ ಬರೆದ ಕೈಗೆ ದಾರಿ ಗೊತ್ತಿತ್ತು.

ವಯಸ್ಸಾದ ಮೇಲೆ ಒಂದು ಶೈಲಿಗೆ ಅಂಟಿಕೊಳ್ಳುವುದು ಸಹಜ. ಎಮಿಲಿ ಎಂಟು ವರ್ಷಗಳಲ್ಲಿ ಹಲವು ಸಲ ಶೈಲಿ ಬದಲಿಸಿದರು, ಅದೂ ಹಿಂದಿನದಕ್ಕೆ ಹೆಚ್ಚು ಬೇಡಿಕೆಯಿದ್ದಾಗಲೇ. 1996ರ ಸೆಪ್ಟೆಂಬರಿನಲ್ಲಿ ತೀರಿಕೊಳ್ಳುವ ಕೆಲವೇ ವಾರ ಮುಂಚೆ, ಕ್ಯಾನ್ವಾಸಿಗೆ ಮೊದಲ ಲೇಪ ಬಳಿಯುವ ಅಗಲ ಕುಂಚ ಹಿಡಿದು 24 ಸಣ್ಣ ಚಿತ್ರ ಬರೆದರು. ಅವು ಅವರ ಹಿಂದಿನ ಯಾವ ಚಿತ್ರದ ಹಾಗೂ ಇಲ್ಲ.

ಹೆಸರಿನ ಜೊತೆ ಒತ್ತಡವೂ ಬಂತು. ಮಾರಾಟಗಾರರು ಸಾಲುಗಟ್ಟಿದರು. ಬಂದ ಹಣ ದೊಡ್ಡ ಬಂಧುಬಳಗಕ್ಕೆಲ್ಲ ಹಂಚಿಹೋಗುತ್ತಿತ್ತು. 'ಭೂಮಿಯ ಸೃಷ್ಟಿ' 2007ರಲ್ಲಿ ಹತ್ತು ಲಕ್ಷ ಆಸ್ಟ್ರೇಲಿಯನ್ ಡಾಲರಿಗೂ, 2017ರಲ್ಲಿ ಇಪ್ಪತ್ತೊಂದು ಲಕ್ಷ ಡಾಲರಿಗೂ ಹರಾಜಾದದ್ದು ಅವರು ಹೋದ ಮೇಲೆ. ಜಗತ್ತಿನ ಗೌರವವೂ ಬಹುಮಟ್ಟಿಗೆ ಆಮೇಲೆಯೇ ಬಂತು: 1997ರಲ್ಲಿ ವೆನಿಸ್ ಬಿಯೆನಾಲೆ, 2008ರಲ್ಲಿ ಒಸಾಕ ಮತ್ತು ಟೋಕಿಯೊ, 2025ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್.

ಜೊತೆಗೆ ಕೂತವರು

ಎಮಿಲಿಯವರಿಗೆ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿರಲಿಲ್ಲ. ಚಿತ್ರ ಬರೆಯುವವರ ದೊಡ್ಡ ಬಳಗವಿತ್ತು. ಸೋದರ ಸಂಬಂಧದ ಮಗಳು ಕ್ಯಾಥ್ಲೀನ್ ಪೆಟ್ಯಾರೆಗೆ 1996ರಲ್ಲಿ ಮೂಲನಿವಾಸಿ ಕಲೆಯ ರಾಷ್ಟ್ರೀಯ ಪ್ರಶಸ್ತಿ ಬಂತು. ಅದೇ ಸಂಬಂಧದ ಇನ್ನೊಬ್ಬ ಮಗಳು ಗ್ಲೋರಿಯ ಪೆಟ್ಯಾರೆಗೆ 1999ರಲ್ಲಿ ನಿಸರ್ಗಚಿತ್ರಕ್ಕೆ ಕೊಡುವ ಹೆಸರಾಂತ ವಿನ್ ಬಹುಮಾನ ಬಂತು. ಇಬ್ಬರೂ ಬಾಟಿಕ್ ಗುಂಪಿನಲ್ಲಿ ಕೂತು ಕಲಿತವರೇ.

ಇನ್ನೂ ಸಂತೋಷದ ಕಥೆ ಮಿನ್ನಿ ಪ್ವೆರ್ಲೆಯವರದು. ಮಿನ್ನಿಯ ಮಗಳು ಬಾರ್ಬರಾ ವೈರ್ ಎಳೆಯ ವಯಸ್ಸಿನಲ್ಲಿ ಎಮಿಲಿಯ ಕೈಯಲ್ಲೂ ಬೆಳೆದವರು. ಮೂಲನಿವಾಸಿ ಮಕ್ಕಳನ್ನು ಮನೆಯವರಿಂದ ಬೇರ್ಪಡಿಸುತ್ತಿದ್ದ ಸರ್ಕಾರದ ನೀತಿಯಂತೆ ಆ ಹುಡುಗಿಯನ್ನು ಮನೆಯಿಂದ ಎಳೆದೊಯ್ದರು. ದೊಡ್ಡವರಾದ ಮೇಲೆ ಬಾರ್ಬರಾ ತಮ್ಮವರನ್ನು ಹುಡುಕಿಕೊಂಡು ವಾಪಸು ಬಂದು, ತಾವೂ ಚಿತ್ರಕಲಾವಿದೆಯಾದರು. ಮಗಳು ಬರೆಯುವುದನ್ನು ನೋಡುತ್ತಿದ್ದ ಮಿನ್ನಿ, ಎಂಬತ್ತರ ಹತ್ತಿರ ಬಂದಾಗ ತಾವೂ ಕುಂಚ ಕೈಗೆತ್ತಿಕೊಂಡರು. 2006ರಲ್ಲಿ ತೀರಿಕೊಳ್ಳುವ ಮೊದಲು ದೇಶದ ಹಲವು ದೊಡ್ಡ ಗ್ಯಾಲರಿಗಳನ್ನು ಅವರ ಚಿತ್ರಗಳು ಸೇರಿದ್ದವು. ಅಷ್ಟಕ್ಕೇ ನಿಲ್ಲಲಿಲ್ಲ. ಅಕ್ಕ ಬರೆಯುವುದನ್ನು ಕಂಡ ತಂಗಿಯರು ಮಾಲಿ, ಎಮಿಲಿ (ಇವರು ಬೇರೆ ಎಮಿಲಿ), ಗ್ಯಾಲ್ಯ ಕೂಡ ಮುಪ್ಪಿನಲ್ಲೇ ಬಣ್ಣಕ್ಕೆ ಬಂದರು. ಅಕ್ಕತಂಗಿಯರು ಒಟ್ಟಿಗೆ ಕೂತು ಬರೆದ ಕ್ಯಾನ್ವಾಸುಗಳೂ ಇವೆ.

ಯುಟೋಪಿಯದಿಂದ ಕಲಿಯುವುದು ಬೇಕಾದಷ್ಟಿದೆ. ಮುಪ್ಪಿನಲ್ಲಿ ಚಿತ್ರ ಬರೆಯುವವರ ಕೈಯಲ್ಲಿ ಒಂದು ಬದುಕಿನ ಸಾಮಗ್ರಿ ಆಗಲೇ ಕೂಡಿರುತ್ತದೆ. ಅದು ಹೊರಗೆ ಬರಲು ಬೇಕಾದದ್ದು ಎರಡು: ಮುಂದೆ ಇಟ್ಟ ಬಣ್ಣ, ಪಕ್ಕದಲ್ಲಿ ಕೂತ ಜನ. ಎರಡರಲ್ಲಿ ಒಂದು ಇಲ್ಲದಿದ್ದರೂ ಎಮಿಲಿ ಇರುತ್ತಿರಲಿಲ್ಲ. ನಿಮ್ಮ ಮನೆಯ ಹಿರಿಯರಿಗೆ ಒಂದು ಡ್ರಾಯಿಂಗ್ ಪುಸ್ತಕ, ಒಂದಿಷ್ಟು ಬಣ್ಣ ತಂದುಕೊಡಿ. ಕೊಟ್ಟು ಎದ್ದು ಹೋಗಬೇಡಿ. ಇನ್ನೊಂದು ಹಾಳೆ ತೆಗೆದುಕೊಂಡು ಪಕ್ಕದಲ್ಲಿ ಕೂತು ನೀವೂ ಬರೆಯಿರಿ. ಅಕ್ಕಪಕ್ಕದ ಮನೆಯವರನ್ನೂ ಕರೆಯಿರಿ.