ತಲೆ ಸುತ್ತುತ್ತಾ, ಕಣ್ಣು ಕತ್ತಲೆ ಬರುತ್ತಾ?

ಕಳೆದ ಆಗಸ್ಟ್ 15ರ ಬೆಳಿಗ್ಗೆ ಮೈದಾನದಲ್ಲಿ ಧ್ವಜಾರೋಹಣಕ್ಕೆ ಸಾಲಾಗಿ ನಿಂತಿದ್ವಿ. ಭಾಷಣ ಮುಗಿಯೋ ಲಕ್ಷಣ ಇರಲಿಲ್ಲ. ಮುಂದೆ ನಿಂತಿದ್ದ ಗೆಳತಿ ತಿರುಗಿ, "ಯಾಕೋ ಕಣ್ಣು ಕತ್ತಲೆ ಬರ್ತಿದೆ ಕಣ್ರೇ" ಅಂದಳು. "ತಡ್ಕೋ, ಇನ್ನೇನು ಲಡ್ಡು ಕೊಡ್ತಾರೆ" ಅಂತ ನಾವು ನಕ್ವಿ. ಎರಡು ನಿಮಿಷ ಆಗಿರಲಿಲ್ಲ, ಅವಳು ಕುಸಿದು ಬಿದ್ದಳು.

ಆಮೇಲೆ ನಾವು ಮಾಡಿದ್ದೆಲ್ಲ ತಪ್ಪೇ. ನಾಲ್ಕು ಜನ ಸೇರಿ ಎತ್ತಿ ಕುರ್ಚಿ ಮೇಲೆ ಕೂರಿಸಿದ್ವಿ. ಸುತ್ತ ಗುಂಪು ಕಟ್ಟಿದ್ವಿ. ಒಬ್ಬರು ಬಾಯಿಗೆ ನೀರು ಹಾಕೋಕೆ ಹೋದರು. ಕೂರಿಸಿದ ಕೂಡಲೇ ಅವಳಿಗೆ ಮತ್ತೆ ಪ್ರಜ್ಞೆ ತಪ್ಪಿತು. ಎನ್‌ಸಿಸಿ ಸರ್ ಓಡಿ ಬಂದು, "ಮೊದಲು ಮಲಗಿಸ್ರೋ!" ಅಂತ ಗದರಿದರು. ನೆಲದ ಮೇಲೆ ಮಲಗಿಸಿ, ಕಾಲುಗಳನ್ನು ಎರಡು ಬ್ಯಾಗ್ ಮೇಲೆ ಎತ್ತಿಟ್ಟ ಮೇಲೆ ಒಂದು ನಿಮಿಷದೊಳಗೆ ಕಣ್ಣು ಬಿಟ್ಟಳು.

ಸಂಜೆ ಡಾಕ್ಟರ್ ಹತ್ತಿರ ಹೋದಾಗ ನಾವೇ ಮುಂದೆ ಬಿದ್ದು "ಗಿಡ್ಡಿನೆಸ್ ಸರ್" ಅಂದ್ವಿ. ಅವರು ಪೆನ್ ಕೆಳಗಿಟ್ಟು, "ಕನ್ನಡದಲ್ಲಿ ಹೇಳ್ರಪ್ಪ. ತಲೆ ತಿರುಗಿತಾ, ಕಣ್ಣು ಕತ್ತಲೆ ಬಂತಾ, ಇಲ್ಲ ನಡೆಯೋವಾಗ ತೂರಾಡಿದ ಹಾಗಾಯ್ತಾ?" ಅಂತ ಕೇಳಿದರು. ಮೂರೂ ಬೇರೆ ಬೇರೆ ಅನ್ನೋದೇ ಒಂದನೇ ಕ್ಲಾಸಿಂದ ಇಂಗ್ಲಿಷ್ ಮೀಡಿಯಮ್‌ನಲ್ಲಿ ಓದಿದ ನಮಗೆ ಗೊತ್ತಿರಲಿಲ್ಲ. ಆ ಮೂರು ಮಾತುಗಳನ್ನು ಹಿಡಿದುಕೊಂಡೇ ಈ ಲೇಖನ.

ಕಣ್ಣು ಕತ್ತಲೆ ಬರೋದು

ಇದು ರಕ್ತದ ಒತ್ತಡದ ಸಮಸ್ಯೆ. ಮಲಗಿದ್ದವರು ಎದ್ದು ನಿಂತಾಗ ಸುಮಾರು ಅರ್ಧ ಲೀಟರ್ ಅಥವಾ ಅದಕ್ಕೂ ಹೆಚ್ಚು ರಕ್ತ ಹೊಟ್ಟೆ, ಕಾಲುಗಳ ಕಡೆ ಇಳಿಯುತ್ತೆ. ಕುತ್ತಿಗೆಯ ರಕ್ತನಾಳದಲ್ಲಿ ಮತ್ತು ಹೃದಯದ ಹತ್ತಿರ ಇರುವ ಒತ್ತಡದ ಸೆನ್ಸರ್‌ಗಳು ಇದನ್ನು ಗಮನಿಸಿ ಮೆದುಳಿಗೆ ಸುದ್ದಿ ಕೊಡುತ್ತವೆ. ಮೆದುಳು ಹೃದಯದ ಬಡಿತ ಜಾಸ್ತಿ ಮಾಡಿ, ಕಾಲಿನ ರಕ್ತನಾಳಗಳನ್ನು ಬಿಗಿ ಮಾಡುತ್ತೆ. ನಾವು ಕಂಟ್ರೋಲ್ ಸಿಸ್ಟಮ್ಸ್‌ನಲ್ಲಿ ಓದೋ ಫೀಡ್‌ಬ್ಯಾಕ್ ಲೂಪ್ ಇದೇ. ಲೂಪ್ ಸ್ವಲ್ಪ ತಡ ಮಾಡಿದರೆ ಕಣ್ಣು ಕತ್ತಲೆ ಬರುತ್ತೆ. ನಿಂತ ಮೂರು ನಿಮಿಷದೊಳಗೆ ಬಿಪಿಯ ಮೇಲಿನ ಸಂಖ್ಯೆ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಡಾಕ್ಟರ್‌ಗಳು ಅದನ್ನು ಗಮನಿಸಬೇಕಾದ ವಿಷಯ ಅಂತಾರೆ.

ಕ್ಯಾಂಪಸ್ಸಲ್ಲಿ ಈ ಲೂಪನ್ನು ಹಾಳು ಮಾಡೋದು ನಾವೇ. ರಾತ್ರಿ ಮೂರಕ್ಕೆ ಮಲಗಿ, ತಿಂಡಿ ಬಿಟ್ಟು, ನೀರು ಕುಡಿಯದೆ ಲ್ಯಾಬ್‌ಗೆ ಓಡ್ತೀವಿ. ನೀರು ಕಮ್ಮಿ ಆದರೆ ಓಡಾಡೋ ರಕ್ತದ ಪ್ರಮಾಣವೂ ಕಮ್ಮಿ. ಮೇಲಿಂದ ಅಲುಗಾಡದೆ ನಿಂತರೆ, ರಕ್ತವನ್ನು ಮೇಲಕ್ಕೆ ತಳ್ಳಬೇಕಾದ ಮೀನಖಂಡದ ಸ್ನಾಯುಗಳಿಗೆ ಕೆಲಸವೇ ಇರಲ್ಲ. ರಕ್ತದಾನ ಶಿಬಿರದಲ್ಲಿ ಸೂಜಿ ನೋಡಿ ಬೀಳೋರದ್ದು ಇನ್ನೊಂದು ಥರ: ಭಯಕ್ಕೆ ಒಂದು ನರದ ಪ್ರತಿಕ್ರಿಯೆ ಎದ್ದು ಹೃದಯದ ಬಡಿತ, ಬಿಪಿ ಎರಡೂ ಒಟ್ಟಿಗೆ ಇಳಿದುಬಿಡುತ್ತೆ. ಅದು ಪುಕ್ಕಲುತನ ಅಲ್ಲ, ಗಟ್ಟಿ ಆಳುಗಳಿಗೂ ಆಗುತ್ತೆ.

ವೈವಾ ಹೊರಗೆ ಕಾಯೋವಾಗ ಬರೋದು ಮತ್ತೊಂದು. ಗಾಬರಿಗೆ ಜೋರಾಗಿ ಉಸಿರಾಡಿದರೆ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಮ್ಮಿಯಾಗಿ ಮೆದುಳಿನ ರಕ್ತನಾಳಗಳು ಕಿರಿದಾಗುತ್ತವೆ. ತಲೆ ಹಗುರ ಅನ್ನಿಸುತ್ತೆ, ಬೆರಳು ಜುಮ್ಮೆನ್ನುತ್ತೆ. ನಿಧಾನಕ್ಕೆ ಉಸಿರು ಬಿಡೋದೇ ಇದಕ್ಕೆ ಔಷಧಿ.

ಬೀಳೋ ಮುಂಚೆ ಮೈ ಸಾಮಾನ್ಯವಾಗಿ ಸೂಚನೆ ಕೊಡುತ್ತೆ: ಬೆವರು, ವಾಕರಿಕೆ, ಶಬ್ದಗಳೆಲ್ಲ ದೂರದಿಂದ ಕೇಳಿದ ಹಾಗೆ. ಆಗ ಮರ್ಯಾದೆ ನೋಡಬೇಡಿ, ಕೂತುಬಿಡಿ ಅಥವಾ ಮಲಗಿ. ಕೂರೋಕೆ ಆಗದಿದ್ದರೆ ಕಾಲಿನ ಮೇಲೆ ಕಾಲು ಹಾಕಿ ತೊಡೆ ಬಿಗಿ ಮಾಡಿ, ಮುಷ್ಟಿ ಬಲವಾಗಿ ಹಿಡಿಯಿರಿ. ಬಿಪಿ ಸ್ವಲ್ಪ ಏರುತ್ತೆ, ಜಾಗ ಹುಡುಕೋಕೆ ಸಮಯ ಸಿಗುತ್ತೆ. ಬೆಳಿಗ್ಗೆ ಏಳುವಾಗ ಒಂದು ನಿಮಿಷ ಮಂಚದ ಅಂಚಲ್ಲಿ ಕೂತು ಆಮೇಲೆ ನಿಲ್ಲಿ.

ಪಕ್ಕದವರು ಬಿದ್ದರೆ ಎತ್ತಿ ಕೂರಿಸಬೇಡಿ. ಬಿದ್ದ ದೇಹ ಮೆದುಳಿಗೆ ರಕ್ತ ಕಳಿಸೋಕೆ ಸುಲಭದ ದಾರಿ ಹುಡುಕಿಕೊಂಡಿರುತ್ತೆ. ಎತ್ತಿದರೆ ಆ ದಾರಿ ಮುಚ್ಚಿದ ಹಾಗೆ. ಮಲಗಿಸಿ, ಕಾಲು ಎತ್ತಿಡಿ, ಗಾಳಿ ಬಿಡಿ. ಪೂರ್ತಿ ಎಚ್ಚರ ಆಗೋವರೆಗೂ ಬಾಯಿಗೆ ಏನೂ ಹಾಕಬೇಡಿ. ನೀರು ಶ್ವಾಸಕೋಶಕ್ಕೆ ಹೋಗಬಹುದು. ಈರುಳ್ಳಿ, ಚಪ್ಪಲಿ ಮೂಸಿಸೋದೆಲ್ಲ ಬೇಡ.

ತಲೆ ತಿರುಗೋದು

ಇಲ್ಲಿ ಕೋಣೆಯೇ ಸುತ್ತಿದ ಹಾಗೆ ಅನ್ನಿಸುತ್ತೆ. ತಪ್ಪು ಸುದ್ದಿ ಹೆಚ್ಚಾಗಿ ಒಳಕಿವಿಯಿಂದ ಬಂದಿರುತ್ತೆ. ನಮ್ಮ ಫೋನಲ್ಲಿ ಗೈರೋಸ್ಕೋಪ್, ಆಕ್ಸಿಲರೋಮೀಟರ್ ಇದೆಯಲ್ಲ, ಎರಡೂ ಪ್ರತಿ ಕಿವಿಯಲ್ಲೂ ಇವೆ. ದ್ರವ ತುಂಬಿದ ಮೂರು ಅರ್ಧವೃತ್ತದ ನಾಳಗಳು ತಿರುಗುವಿಕೆ ಅಳೆಯುತ್ತವೆ. ಜೆಲ್ ಮೇಲೆ ಕೂತ ಸಣ್ಣ ಹರಳುಗಳು ಗುರುತ್ವ ಮತ್ತು ನೇರ ಚಲನೆ ಅಳೆಯುತ್ತವೆ. ಚಿಕ್ಕವರಿದ್ದಾಗ ಗಿರಗಿರನೆ ಸುತ್ತಿ ಥಟ್ಟನೆ ನಿಂತರೆ ಜಗತ್ತೇ ಸುತ್ತುತ್ತಿತ್ತಲ್ವಾ? ನಾವು ನಿಂತರೂ ಒಳಗಿನ ದ್ರವ ಜಡತ್ವದಿಂದ ನಿಂತಿರಲ್ಲ, ಅಷ್ಟೇ.

ಇದನ್ನು ಚೆನ್ನಾಗಿ ತೋರಿಸಿದವರು ವಿಯೆನ್ನಾದ ಕಿವಿ ಡಾಕ್ಟರ್ ರಾಬರ್ಟ್ ಬಾರಾನಿ. ಕಿವಿಗೆ ತಣ್ಣೀರು ಹಾಕಿದರೆ ರೋಗಿಯ ಕಣ್ಣುಗುಡ್ಡೆ ಒಂದು ಕಡೆ ಎಳೆದು ಎಳೆದು ಆಡುತ್ತೆ, ಬಿಸಿನೀರು ಹಾಕಿದರೆ ಇನ್ನೊಂದು ಕಡೆ. ನಾಳದೊಳಗಿನ ದ್ರವದಲ್ಲಿ ಉಷ್ಣದಿಂದ ಹರಿವು ಹುಟ್ಟುತ್ತೆ ಅಂತ ಅವರು ವಿವರಿಸಿದರು. ಅವರಿಗೆ 1914ರ ನೊಬೆಲ್ ಬಂತು.

ಘಾಟಿ ರಸ್ತೆಯ ಬಸ್ಸಲ್ಲಿ ವಾಂತಿ ಬರೋದೂ ಇದೇ ಗೊಂದಲದಿಂದ. ಚಾರ್ಮಾಡಿಯಲ್ಲಿ ಬಸ್ ತಿರುಗ್ತಾ ಇದೆ ಅಂತ ಕಿವಿ ಹೇಳುತ್ತೆ. ರೀಲ್ಸ್ ನೋಡ್ತಿರೋ ಕಣ್ಣು "ಏನೂ ಅಲುಗಾಡ್ತಿಲ್ಲ" ಅನ್ನುತ್ತೆ. ಫೋನ್ ಒಳಗಿಟ್ಟು, ಮುಂದಿನ ಸೀಟಲ್ಲಿ ಕೂತು ದೂರದ ರಸ್ತೆ ನೋಡಿದರೆ ಎರಡೂ ಸೆನ್ಸರ್ ಒಂದೇ ಮಾತು ಹೇಳುತ್ತವೆ. ಮಾತ್ರೆ ತಗೊಳ್ಳೋದಾದರೆ ಬಸ್ ಹತ್ತೋ ಮೊದಲೇ ತಗೊಳ್ಳಬೇಕು.

ಮನೆಯಲ್ಲಿ ಅಜ್ಜ ಅಜ್ಜಿಗೆ ಮಗ್ಗುಲು ಬದಲಿಸಿದಾಗ, ಅಟ್ಟದ ಕಡೆ ತಲೆ ಎತ್ತಿದಾಗ ಒಂದು ನಿಮಿಷದೊಳಗಿನ ಸುತ್ತು ಬರುತ್ತಾ? ಹರಳುಗಳು ಜಾಗ ತಪ್ಪಿ ನಾಳದೊಳಗೆ ಬಿದ್ದಿರಬಹುದು. ಅವು ಕ್ಯಾಲ್ಸಿಯಂ ಕಾರ್ಬೊನೇಟ್, ಅಂದ್ರೆ ಸುಣ್ಣದ ಕಲ್ಲಿನ ವಸ್ತುವೇ. ಜಾನ್ ಎಪ್ಲಿ ಅನ್ನೋ ಅಮೆರಿಕದ ಡಾಕ್ಟರ್, ತಲೆಯನ್ನು ಒಂದು ಕ್ರಮದಲ್ಲಿ ತಿರುಗಿಸಿ ಹರಳನ್ನು ಗುರುತ್ವದಿಂದಲೇ ಹೊರಗೆ ಉರುಳಿಸೋ ವಿಧಾನ ಕಂಡುಹಿಡಿದರು. ಎಷ್ಟೋ ಜನರಿಗೆ ಒಂದೆರಡು ಸಲಕ್ಕೇ ಗುಣ ಆಗುತ್ತೆ. "ವಯಸ್ಸಾಯ್ತು" ಅಂತ ಬಿಡಬೇಡಿ, ಕಿವಿ ಡಾಕ್ಟರಿಗೆ ತೋರಿಸಿ.

ತೂರಾಡೋದು

ತಲೆ ಸರಿಯಿದೆ, ಕಾಲು ಮಾತ್ರ ನೆಟ್ಟಗೆ ಹೋಗಲ್ಲ ಅನ್ನೋದು ಮೂರನೆಯದು. ಇದಕ್ಕೆ ಕೆಲವು ಔಷಧಿ, ನರಗಳ ತೊಂದರೆ, ವಿಟಮಿನ್ ಬಿ12 ಕೊರತೆ ಹೀಗೆ ಹಲವು ಕಾರಣ ಇರಬಹುದು. ಇದ್ದಕ್ಕಿದ್ದ ಹಾಗೆ ಶುರುವಾದರೆ ಮಾತ್ರ ಕಾಯಬೇಡಿ. ತೂರಾಟದ ಜೊತೆ ಮುಖ ಸೊಟ್ಟಗಾಗೋದು, ಮಾತು ತೊದಲೋದು, ಒಂದು ಕೈ ಸೋಲೋದು, ಎರಡೆರಡಾಗಿ ಕಾಣೋದು, ಹಿಂದೆಂದೂ ಬರದಂಥ ತಲೆನೋವು ಇದ್ದರೆ ಅದು ಪಾರ್ಶ್ವವಾಯು ಇರಬಹುದು. ತಕ್ಷಣ 108ಕ್ಕೆ ಕರೆ ಮಾಡಿ. ಎದೆನೋವಿದ್ದರೆ, ಆಟವಾಡುತ್ತಾ ಓಡುತ್ತಾ ಪ್ರಜ್ಞೆ ತಪ್ಪಿದರೆ, ತಲೆಗೆ ಪೆಟ್ಟಾದ ಮೇಲೆ ಸುತ್ತು ಬಂದರೆ, ಒಂದು ಕಿವಿ ಥಟ್ಟನೆ ಕೇಳಿಸದೆ ಹೋದರೆ ಅವತ್ತೇ ಆಸ್ಪತ್ರೆಗೆ ಹೋಗಿ.

ಮತ್ತೆ ನಮ್ಮ ಗೆಳತಿ

ಅವಳ ಹಿಮೋಗ್ಲೋಬಿನ್ 8.1 ಇತ್ತು. ಹೆಂಗಸರಿಗೆ 12, ಗಂಡಸರಿಗೆ 13 ಗ್ರಾಂಗಿಂತ ಕಮ್ಮಿ ಇದ್ದರೆ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ 57 ಜನರಿಗೆ ಇದು ಇದೆ. ಗಂಡಸರಲ್ಲಿ 25. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತಿತ್ತು ಅಂತ ಅವಳು ಯಾರಿಗೂ ಹೇಳಿರಲಿಲ್ಲ. ಹಾಸ್ಟೆಲಿನ ಮೂರನೇ ಮಹಡಿ ಹತ್ತುವಾಗ ಅವಳು ಏದುಸಿರು ಬಿಡುತ್ತಿದ್ದಳು. ನಾವು ತಿಂಗಳುಗಟ್ಟಲೆ ಅವಳನ್ನು "ಸೋಂಬೇರಿ" ಅಂತ ಕರೆದಿದ್ವಿ. ಅದು ನೆನಪಾದರೆ ಈಗಲೂ ಕಸಿವಿಸಿ ಆಗುತ್ತೆ.

ಡಾಕ್ಟರ್ ಕೊಟ್ಟ ಕಬ್ಬಿಣದ ಮಾತ್ರೆ ತಿಂಗಳುಗಟ್ಟಲೆ ನಡೀತು. ಊಟ ಆದ ತಕ್ಷಣ ಕಾಫಿ ಬೇಡ, ಕಬ್ಬಿಣ ಮೈಗೆ ಹತ್ತಲ್ಲ ಅಂದರು. ಸೊಪ್ಪು, ಹುರುಳಿಕಾಳಿನ ಸಾರಿಗೆ ನಿಂಬೆರಸ ಹಿಂಡಿಕೊಂಡರೆ ಚೆನ್ನಾಗಿ ಹತ್ತುತ್ತೆ ಅಂತಲೂ ಹೇಳಿದರು. ಮೊನ್ನೆ ಪರೀಕ್ಷೆ ಮಾಡಿಸಿದಾಗ 12.3 ಬಂತು. ಈಗ ಮಹಡಿ ಹತ್ತುವಾಗ ನಮಗಿಂತ ಅವಳೇ ಮುಂದೆ.

ಇದನ್ನು ಓದಿ ಯಾರೂ ತಾವೇ ಡಾಕ್ಟರ್ ಆಗಬೇಡಿ. ಮತ್ತೆ ಮತ್ತೆ ಬಂದರೆ ಹೋಗಿ ತೋರಿಸಿ. ಆದರೆ ಹೋದಾಗ ತಲೆ ತಿರುಗಿತೋ, ಕಣ್ಣು ಕತ್ತಲೆ ಬಂತೋ, ತೂರಾಡಿದ್ರೋ ಸರಿಯಾಗಿ ಹೇಳಿ. ಪಕ್ಕದವರು "ಕಣ್ಣು ಕತ್ತಲೆ ಬರ್ತಿದೆ" ಅಂದರೆ ನಗದೆ, ಮೊದಲು ಕೂರೋಕೆ ಜಾಗ ಮಾಡಿ ಕೊಡಿ.