ಗುಂಡಿ ತೋಡಿದ್ದು ಒಂದು ಬೆಟ್ಟ, ತುಂಬಿದ್ದು ಇನ್ನೊಂದು

ಇಟಲಿಯ ಫ್ಲಾರೆನ್ಸ್ ನಗರದಿಂದ ಉತ್ತರಕ್ಕೆ ಹೊರಟು ಅಪೆನ್ನೈನ್ ಬೆಟ್ಟಸಾಲಿನ ನೆತ್ತಿ ದಾಟಿದರೆ ಸಾಂತೆರ್ನೊ ನದಿಯ ಕಣಿವೆ ಸಿಗುತ್ತದೆ. ಫಿರೆಂಜುವೋಲಾ, ಕಾಸ್ತೆಲ್ ದೆಲ್ ರಿಯೊ ಊರುಗಳನ್ನು ಬಳಸಿಕೊಂಡು ಈ ಸಣ್ಣ ನದಿ ಇಮೋಲಾದ ಬಯಲಿಗೆ ಇಳಿಯುತ್ತದೆ. ಕಾರ್ ರೇಸಿನ ಅಭಿಮಾನಿಗಳಿಗೆ ಇಮೋಲಾ ಎಂದರೆ 1994ರಲ್ಲಿ ಆಯರ್ಟನ್ ಸೆನ್ನಾ ಮಾರಣಾಂತಿಕ ಅಪಘಾತಕ್ಕೆ ಈಡಾದ ಊರು. ಭೂವಿಜ್ಞಾನಿಗಳಿಗೆ ಮಾತ್ರ ಆ ಊರಿಗಿಂತ ಮುಂಚೆ ಸಿಗುವ ನದಿಯ ದಡಗಳೇ ಮುಖ್ಯ. ಅಲ್ಲಿ ಬಂಡೆಗಳು ಪಟ್ಟೆಪಟ್ಟೆಯಾಗಿವೆ. ಒಂದು ಗಟ್ಟಿ ಬೂದು ಮರಳುಗಲ್ಲು, ಅದರ ಮೇಲೆ ಸುಣ್ಣ ಬೆರೆತ ಮೆತ್ತನೆಯ ಜೇಡಿಗಲ್ಲು, ಮತ್ತೆ ಮರಳುಗಲ್ಲು, ಮತ್ತೆ ಜೇಡಿ. ಮಳೆಗೆ ಜೇಡಿ ಕರಗಿ ಒಳಸರಿದಿದೆ, ಮರಳುಗಲ್ಲು ಮುಂದೆ ಚಾಚಿ ನಿಂತಿದೆ. ಹೀಗೆ ಪದರದ ಮೇಲೆ ಪದರ ಕೂತು, ಒಟ್ಟು ದಪ್ಪ ಮೂರು ಕಿಲೋಮೀಟರನ್ನೂ ಮೀರುತ್ತದೆ. ಬೆಟ್ಟಸಾಲಿನುದ್ದಕ್ಕೂ ಕಣಿವೆಯಿಂದ ಕಣಿವೆಗೆ ಇವೇ ಪದರಗಳು ಮುಂದುವರಿಯುತ್ತವೆ. ಭೂವಿಜ್ಞಾನದಲ್ಲಿ ಇದರ ಹೆಸರು ಮಾರ್ನೊಸೊ ಅರೆನಾಚೆಯಾ.

ಸುಮಾರು ಒಂದೂವರೆ ಕೋಟಿ ವರ್ಷಗಳ ಹಿಂದಿನಿಂದ 90 ಲಕ್ಷ ವರ್ಷಗಳ ಹಿಂದಿನವರೆಗೆ ಇದೆಲ್ಲ ಸಮುದ್ರದ ತಳವಾಗಿತ್ತು. ದಡದ ಬಳಿಯ ಸಮುದ್ರವಲ್ಲ, ಬಿಸಿಲು ಮುಟ್ಟದ ಆಳದ ಸಮುದ್ರ. ತೊಡಕು ಇರುವುದೇ ಇಲ್ಲಿ. ಮರಳು ನದಿಯ ವಸ್ತು, ಕಡಲತೀರದ ವಸ್ತು. ಆಳಸಮುದ್ರದ ತಳದಲ್ಲಿ ನಿಧಾನವಾಗಿ ಕೂರುವುದು ನವಿರಾದ ಜೇಡಿ ಮತ್ತು ಸೂಕ್ಷ್ಮಜೀವಿಗಳ ಚಿಪ್ಪು. ಹಾಗಿದ್ದಮೇಲೆ ಅಷ್ಟು ಮರಳು ಅಲ್ಲಿಗೆ ಹೋದದ್ದು ಹೇಗೆ?

ಉತ್ತರ ಸಿಕ್ಕಿದ್ದು ತಡವಾಗಿ. ನೆದರ್ಲೆಂಡ್ಸಿನ ಫಿಲಿಪ್ ಕ್ಯೂನೆನ್ ತನ್ನ ಪ್ರಯೋಗಾಲಯದ ತೊಟ್ಟಿಯಲ್ಲಿ ಮರಳು, ಜೇಡಿ ಕಲಸಿದ ನೀರನ್ನು ಇಳಿಜಾರಿನ ಮೇಲೆ ಹರಿಬಿಟ್ಟು ನೋಡುತ್ತಿದ್ದ. ಇಟಲಿಯ ಕಾರ್ಲೊ ಮಿಲ್ಯೊರೀನಿ ಅಪೆನ್ನೈನಿನ ಮರಳುಗಲ್ಲುಗಳನ್ನು ವರ್ಷಗಟ್ಟಲೆ ನೋಡಿ, ಪ್ರತಿ ಪದರದಲ್ಲೂ ಕೆಳಗೆ ದಪ್ಪ ಕಣ, ಮೇಲಕ್ಕೆ ಹೋದಂತೆ ನವಿರು ಕಣ ಎಂಬ ಕಟ್ಟುನಿಟ್ಟಿನ ಕ್ರಮ ಇರುವುದನ್ನು ಗಮನಿಸಿದ್ದ. ಇಬ್ಬರೂ ಸೇರಿ 1950ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ತೊಟ್ಟಿಯಲ್ಲಿ ಕಂಡದ್ದೂ ಬೆಟ್ಟದಲ್ಲಿ ಕಂಡದ್ದೂ ಒಂದೇ ಎಂಬುದು ಅದರ ತಿರುಳು. ಕೆಸರು ತುಂಬಿದ ನೀರು ಸುತ್ತಲಿನ ತಿಳಿನೀರಿಗಿಂತ ಭಾರ. ಇಳಿಜಾರು ಸಿಕ್ಕಿತೆಂದರೆ ಅದು ತಳವನ್ನೇ ಅಪ್ಪಿಕೊಂಡು ಧಾವಿಸುತ್ತದೆ. ವೇಗ ಕುಂದಿದಂತೆ ಮೊದಲು ದಪ್ಪ ಮರಳನ್ನು, ಆಮೇಲೆ ಸಣ್ಣ ಮರಳನ್ನು, ಕೊನೆಗೆ ಜೇಡಿಯನ್ನು ಕೈಬಿಡುತ್ತದೆ. ಇದೇ ಟರ್ಬಿಡಿಟಿ ಪ್ರವಾಹ. ಅದು ಬಿಟ್ಟುಹೋದ ಪದರ ಟರ್ಬಿಡೈಟ್.

ಇದರ ಬಲ ಎಷ್ಟೆಂಬುದಕ್ಕೆ ಸಾಕ್ಷಿ ಅದಕ್ಕೂ ಮೊದಲೇ ಸಿದ್ಧವಾಗಿತ್ತು, ಓದುವವರಿರಲಿಲ್ಲ ಅಷ್ಟೆ. 1929ರ ನವೆಂಬರ್ 18ರಂದು ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಬಳಿ ಸಮುದ್ರದಡಿ 7.2 ತೀವ್ರತೆಯ ಭೂಕಂಪವಾಯಿತು. ಅಟ್ಲಾಂಟಿಕ್ ದಾಟುವ ಟೆಲಿಗ್ರಾಫ್ ಕೇಬಲ್‌ಗಳಲ್ಲಿ ಹನ್ನೆರಡು ತುಂಡಾದವು. ಭೂಕಂಪದ ಕೇಂದ್ರದ ಹತ್ತಿರದವು ಆ ಕ್ಷಣವೇ ಹೋದವು. ದೂರದವು ಮಾತ್ರ ಒಂದಾದ ಮೇಲೊಂದು, ಮೇಲಿನಿಂದ ಇಳಿಜಾರಿನ ಕೆಳಕ್ಕೆ, ಹದಿಮೂರು ಗಂಟೆಗಳ ಕಾಲ ಕಡಿಯುತ್ತಲೇ ಹೋದವು. ಟೆಲಿಗ್ರಾಫ್ ಕಂಪನಿಗಳ ಬಳಿ ಪ್ರತಿ ತಂತಿ ಮೌನವಾದ ನಿಮಿಷದ ದಾಖಲೆ ಇತ್ತು. 1952ರಲ್ಲಿ ಬ್ರೂಸ್ ಹೀಜೆನ್ ಮತ್ತು ಮಾರಿಸ್ ಎವಿಂಗ್ ಆ ಸಮಯಗಳನ್ನು ನಕ್ಷೆಯ ಮೇಲೆ ಇಟ್ಟು ನೋಡಿದಾಗ, ಸಮುದ್ರದಡಿ ಐನೂರು ಕಿಲೋಮೀಟರಿಗೂ ಹೆಚ್ಚು ದೂರ ಓಡಿದ ಕೆಸರಿನ ಪ್ರವಾಹದ ಹೆಜ್ಜೆ ಕಂಡಿತು. ಭೂವಿಜ್ಞಾನದಲ್ಲಿ ಇಷ್ಟು ಸ್ಪಷ್ಟವಾದ ಸಾಕ್ಷ್ಯ ಅಪರೂಪ. ಯಾರೂ ಕಣ್ಣಾರೆ ಕಾಣದ ಘಟನೆಗೆ ಗಡಿಯಾರದ ಲೆಕ್ಕವೇ ಸಿಕ್ಕಿಬಿಟ್ಟಿತು.

ಸರಿ, ಮರಳು ಬಂತು. ಅದು ಬಂದು ಬೀಳಲು ಗುಂಡಿ ಬೇಕಲ್ಲ? ಅದೂ ಮೂರು ಕಿಲೋಮೀಟರ್ ದಪ್ಪದ ಹೂಳನ್ನು ನುಂಗಿಯೂ ಆಳವಾಗಿಯೇ ಉಳಿಯುವ ಗುಂಡಿ.

ಬೆಟ್ಟ ಮೇಲೆದ್ದಾಗ ಅದರ ಭಾರ ಭೂಮಿಯ ಹೊರಚಿಪ್ಪಿನ ಮೇಲೆ ಬೀಳುತ್ತದೆ. ಚಿಪ್ಪು ಗಡುಸಾದರೂ ಬಾಗುತ್ತದೆ. ಹಗ್ಗದ ಮಂಚದ ಒಂದು ಬದಿಗೆ ದಪ್ಪ ಆಳು ಕೂತರೆ ಅವನ ಕೆಳಗಷ್ಟೇ ಅಲ್ಲ, ಪಕ್ಕದ ಹಗ್ಗವೂ ಜಗ್ಗುತ್ತದಲ್ಲ, ಹಾಗೆ ಬೆಟ್ಟದ ಮಗ್ಗುಲಿಗೇ ಉದ್ದಕ್ಕೆ ಒಂದು ತಗ್ಗು ಹುಟ್ಟುತ್ತದೆ. ಬೆಟ್ಟದ ಬುಡದಲ್ಲಿ ಅತಿ ಆಳ, ದೂರ ಸರಿದಂತೆ ಮೇಲೇರಿಕೆ. ಅಪೆನ್ನೈನಿನ ವಿಷಯದಲ್ಲಿ ಇಷ್ಟೇ ಸಾಲದು ಎಂದು 1984ರಲ್ಲಿ ಲೀ ರಾಯ್ಡನ್ ಮತ್ತು ಗ್ಯಾರಿ ಕಾರ್ನರ್ ತೋರಿಸಿದರು. ಕಣ್ಣಿಗೆ ಕಾಣುವ ಬೆಟ್ಟದ ಭಾರವನ್ನು ಲೆಕ್ಕ ಹಾಕಿದರೆ ತಗ್ಗು ಅಷ್ಟು ಆಳ ಆಗಲು ಸಾಧ್ಯವೇ ಇಲ್ಲ. ಆಡ್ರಿಯಾ ಎಂಬ ಭೂಫಲಕ ಇಟಲಿಯ ಅಡಿಗೆ ನುಗ್ಗಿ ಕೆಳಕ್ಕೆ ಇಳಿಯುತ್ತಿದೆ. ಆಳದಲ್ಲಿ ಜೋತುಬಿದ್ದ ಅದರ ತುದಿ ತನ್ನ ಹಿಂದಿನ ಭಾಗವನ್ನೂ ಕೆಳಗೆ ಜಗ್ಗುತ್ತದೆ. ಅಂದರೆ ತಗ್ಗಿಗೆ ಮೇಲಿಂದ ಒತ್ತಡ, ಕೆಳಗಿಂದ ಎಳೆತ ಎರಡೂ ಇದ್ದವು.

ಆ ತಗ್ಗಿನ ಹಳೆಯ ತಳ ಹೇಗಿತ್ತು ಎಂಬುದು ಗುಬ್ಬಿಯೊ ಪಟ್ಟಣದ ಬಳಿ ಕಾಣುತ್ತದೆ. ಅಲ್ಲಿನ ಗುಲಾಬಿ ಸುಣ್ಣಕಲ್ಲಿನ ನಡುವಿನ ತೆಳು ಜೇಡಿಪದರದಲ್ಲಿ ಇರಿಡಿಯಂ ಪತ್ತೆ ಮಾಡಿಯೇ ವಾಲ್ಟರ್ ಆಲ್ವಾರೆಜ್ ಮತ್ತು ಸಂಗಡಿಗರು 1980ರಲ್ಲಿ ಡೈನೊಸಾರುಗಳ ಅಳಿವಿಗೆ ಉಲ್ಕೆಯ ಕಾರಣ ಮುಂದಿಟ್ಟದ್ದು. ಆ ಕಥೆ ಜಗತ್ಪ್ರಸಿದ್ಧ. ಅದೇ ಸುಣ್ಣಕಲ್ಲು, ಕೋಟ್ಯಂತರ ವರ್ಷ ಗದ್ದಲವಿಲ್ಲದೆ ಬೆಳೆದ ಸಮುದ್ರತಳ, ನಂತರ ಬೆಟ್ಟ ಹತ್ತಿರ ಬಂದಂತೆ ಬಾಗಿ ಮರಳಿನಡಿ ಹೂತುಹೋಯಿತು ಎಂಬುದು ಅಷ್ಟೇ ದೊಡ್ಡ ಕಥೆ. ಅದನ್ನು ಹೇಳುವವರು ಕಡಿಮೆ.

ಈಗ ಮುಖ್ಯ ಪ್ರಶ್ನೆ. ಪಕ್ಕದಲ್ಲೇ ಅಪೆನ್ನೈನ್ ಏಳುತ್ತಿತ್ತು, ಅದರ ಬುಡದಲ್ಲೇ ಗುಂಡಿ ಇತ್ತು. ಗುಂಡಿ ತುಂಬಿದ್ದು ಅಪೆನ್ನೈನಿನ ಮರಳೇ ಇರಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಅಲ್ಲ. ಬಹುಪಾಲು ಮರಳು ಆಲ್ಪ್ಸಿನದು.

ಇದನ್ನು ಹೇಳುವುದು ಮರಳುಗಲ್ಲಿನ ಅಡಿಭಾಗ. ನದಿ ದಡದಲ್ಲಿ ಮುಂದೆ ಚಾಚಿದ ಒಂದು ಪದರದ ಕೆಳಗೆ ತಲೆಬಾಗಿಸಿ ಮೇಲೆ ನೋಡಿದರೆ, ಕಲ್ಲಿನ ತಳದಲ್ಲಿ ನಾಲಗೆಯಾಕಾರದ ಉಬ್ಬುಗಳು ಸಾಲಾಗಿ ಕಾಣುತ್ತವೆ. ಒಂದು ತುದಿ ದುಂಡಗೆ ಉಬ್ಬಿರುತ್ತದೆ, ಇನ್ನೊಂದು ತುದಿ ಅಗಲವಾಗಿ ಹರಡುತ್ತ ಕಲ್ಲಿನಲ್ಲೇ ಮಾಯವಾಗುತ್ತದೆ. ಸುತ್ತಲಿನ ಎಲ್ಲ ಉಬ್ಬುಗಳೂ ಒಂದೇ ದಿಕ್ಕಿಗೆ ಮುಖ ಮಾಡಿರುತ್ತವೆ. ಪ್ರವಾಹದ ಮುಂಭಾಗ ಸುಳಿಸುಳಿಯಾಗಿ ಬಂದು ತಳದ ಮೆತ್ತನೆಯ ಜೇಡಿಯನ್ನು ಕೊರೆದಾಗ ಆದ ಕುಳಿಗಳು ಅವು. ಹಿಂದೆಯೇ ಬಂದ ಮರಳು ಕುಳಿಗಳನ್ನು ತುಂಬಿ ಅಚ್ಚು ತೆಗೆದಿಟ್ಟಿತು. ಕೊರೆತ ಆಳವಾಗಿರುವುದು ನೀರು ಬಂದ ಕಡೆ. ಆದ್ದರಿಂದ ದುಂಡು ತುದಿ ಯಾವ ದಿಕ್ಕಿಗಿದೆಯೋ ಪ್ರವಾಹ ಬಂದದ್ದು ಆ ದಿಕ್ಕಿನಿಂದ. ದಿಕ್ಸೂಚಿ ಹಿಡಿದು ಕಣಿವೆ ಕಣಿವೆ ಅಲೆದವರಿಗೆ ಹೆಚ್ಚಿನ ಪದರಗಳಲ್ಲಿ ಸಿಕ್ಕ ಉತ್ತರ ಒಂದೇ: ವಾಯವ್ಯದಿಂದ ಆಗ್ನೇಯಕ್ಕೆ. ಬೆಟ್ಟದಿಂದ ಅಡ್ಡಲಾಗಿ ಇಳಿದದ್ದಲ್ಲ, ಬೆಟ್ಟಕ್ಕೆ ಸಮಾನಾಂತರವಾಗಿ ತಗ್ಗಿನ ಉದ್ದಕ್ಕೂ ಹರಿದದ್ದು. ಸೂಕ್ಷ್ಮದರ್ಶಕದಡಿ ಮರಳಿನ ಕಣಗಳನ್ನು ಎಣಿಸಿದವರಿಗೂ ಕ್ವಾರ್ಟ್ಜ್, ಫೆಲ್ಡ್‌ಸ್ಪಾರ್, ಅಭ್ರಕ, ನೈಸ್ ಕಲ್ಲಿನ ಚೂರುಗಳೇ ಹೆಚ್ಚಾಗಿ ಸಿಕ್ಕವು. ಅವು ಆಲ್ಪ್ಸಿನ ಒಡಲಿನ ಕಲ್ಲುಗಳು. ಎಣಿಕೆಯ ಈ ವಿಧಾನವನ್ನು ರೂಪಿಸಿದವರಲ್ಲಿ ಒಬ್ಬ ಪಾವೊಲೊ ಗಾಜ್ಜಿ, ಬೊಲೊನ್ಯಾದವನು.

ಎಲ್ಲ ಪದರಗಳೂ ಈ ಮಾತಿಗೆ ಒಪ್ಪುವುದಿಲ್ಲ, ಒಪ್ಪದ ಪದರವೇ ಎಲ್ಲಕ್ಕಿಂತ ಉಪಕಾರಿ ಆಯಿತು. ಗುಬ್ಬಿಯೊ ಬಳಿಯ ಜಾಗದ ಹೆಸರು ಹೊತ್ತ ಕಾಂಟೆಸ್ಸಾ ಪದರ, ಸುಮಾರು 1.3 ಕೋಟಿ ವರ್ಷ ಹಳೆಯದು, ಬಂದದ್ದು ಆಗ್ನೇಯದಿಂದ. ಅದರಲ್ಲಿ ಸುಣ್ಣದ ಕಣಗಳು ಧಾರಾಳ. ಅಸಾಧಾರಣ ದಪ್ಪ, ಅದರಲ್ಲೂ ಮೇಲಿನ ಕೆಸರಿನ ಪಾಲು ದೊಡ್ಡದು. ಗೋಡೆ ಕಟ್ಟಿದಂತಿದ್ದ ತಗ್ಗಿಗೆ ನುಗ್ಗಿದ ಆ ಬೃಹತ್ ಪ್ರವಾಹಕ್ಕೆ ಹೊರದಾರಿ ಇರಲಿಲ್ಲ, ಕೆಸರು ಅಲ್ಲೇ ನಿಂತು ಕೂತಿತು. ಬೇರೆ ಎಲ್ಲಕ್ಕಿಂತ ಭಿನ್ನವಾದ್ದರಿಂದ ಯಾವ ಕಣಿವೆಯಲ್ಲಾದರೂ ಕಾಂಟೆಸ್ಸಾವನ್ನು ಗುರುತಿಸಬಹುದು. ಅದನ್ನೇ ಹಿಡಿದು ಫ್ರಾಂಕೊ ರಿಚ್ಚಿ ಲುಕ್ಕಿ ಮತ್ತು ವಾಲ್ಮೋರಿ 1980ರಲ್ಲಿ ಅದರ ಮೇಲಿನ, ಕೆಳಗಿನ ಒಂದೊಂದೇ ಪದರವನ್ನು ನೂರು ಕಿಲೋಮೀಟರಿಗೂ ಹೆಚ್ಚು ದೂರ ಹಿಂಬಾಲಿಸಿದರು. ಒಂದೇ ಪ್ರವಾಹದ ಒಂದೇ ಹೊದಿಕೆ ಅಷ್ಟು ದೂರ ಹಾಸಿದೆ! ಎರಡೂ ತುದಿಗಳಿಂದ ಬಂದ ಪ್ರವಾಹಗಳು ತಗ್ಗಿನ ಉದ್ದಕ್ಕೂ ಓಡಬೇಕಾದರೆ ತಳ ಹೆಚ್ಚುಕಡಿಮೆ ಸಮತಟ್ಟಾಗಿಯೇ ಇದ್ದಿರಬೇಕು. ಈ ಕೆಲಸದ ಬಗ್ಗೆ ನನಗೆ ಅಪಾರ ಗೌರವ. ಉಪಗ್ರಹವಿಲ್ಲ, ಬಾವಿ ಕೊರೆತವಿಲ್ಲ. ಬಂಡೆಯ ಮುಂದೆ ನಿಂತು ಪ್ರತಿ ಪದರದ ದಪ್ಪ ಅಳೆದು ಬರೆದುಕೊಂಡ ಕೆಲಸ ಅದು.

ಪದರಗಳನ್ನು ನೋಡುವಾಗ ನಮ್ಮ ಕಣ್ಣು ಮರಳುಗಲ್ಲಿನ ಮೇಲೆಯೇ ನಿಲ್ಲುತ್ತದೆ. ಫಿರೆಂಜುವೋಲಾದ ಗಣಿಗಳಿಂದ ಪಿಯೆತ್ರಾ ಸೆರೇನಾ ಎಂಬ ಬೂದುಗಲ್ಲಾಗಿ ಮಾರುಕಟ್ಟೆಗೆ ಹೋಗುವುದೂ ಅದೇ. ಇದೇ ಜಾತಿಯ, ಇನ್ನೂ ಹಳೆಯ ಟರ್ಬಿಡೈಟ್ ಕಲ್ಲಿನಲ್ಲೇ ಬ್ರುನೆಲ್ಲೆಸ್ಕಿ ಫ್ಲಾರೆನ್ಸಿನ ಸಾನ್ ಲೊರೆಂಜೊ ಚರ್ಚಿನ ಕಂಬಗಳನ್ನು ನಿಲ್ಲಿಸಿದ. ಆದರೆ ಕಾಲದ ಲೆಕ್ಕಕ್ಕೆ ಮರಳು ಉಪಯೋಗವಿಲ್ಲ. ಆಳೆತ್ತರದ ಮರಳಿನ ಪದರ ಕೂತದ್ದು ಕೆಲವು ಗಂಟೆಗಳಲ್ಲಿ, ಹೆಚ್ಚೆಂದರೆ ಕೆಲವು ದಿನಗಳಲ್ಲಿ. ಎರಡು ಪ್ರವಾಹಗಳ ನಡುವೆ ಶತಮಾನಗಳು, ಕೆಲವೊಮ್ಮೆ ಸಾವಿರಾರು ವರ್ಷಗಳು ಕಳೆದಿವೆ. ಆ ಅವಧಿಯಲ್ಲಿ ಮೇಲಿನ ನೀರಿನಿಂದ ಉದುರಿದ ಜೇಡಿ, ಫೊರಾಮಿನಿಫೆರಾ ಎಂಬ ಸೂಕ್ಷ್ಮಜೀವಿಗಳ ಚಿಪ್ಪು ಸೇರಿ ಕೂತದ್ದು ಬೆರಳಗಲದ ಜೇಡಿಪಟ್ಟೆ. ಬಂಡೆಯ ದಪ್ಪದಲ್ಲಿ ಅದರ ಪಾಲು ಅಲ್ಪ, ಕಾಲದಲ್ಲಿ ಅದರ ಪಾಲೇ ಸಿಂಹಪಾಲು. ವಯಸ್ಸು ಹೇಳುವ ಪಳೆಯುಳಿಕೆ ಸಿಗುವುದೂ ಅದರಲ್ಲೇ. ಆ ಬಿಡುವಿನಲ್ಲಿ ತಳದಲ್ಲಿ ಜೀವವೂ ಇತ್ತು. ಇಂಥ ಪದರಗಳ ಅಡಿಯಲ್ಲಿ ಒಮ್ಮೊಮ್ಮೆ ಷಟ್ಕೋನಗಳ ಬಲೆಯೊಂದು ಅಚ್ಚಾಗಿರುತ್ತದೆ, ಹೆಸರು ಪ್ಯಾಲಿಯೊಡಿಕ್ಟಿಯಾನ್. ಅದೇ ವಿನ್ಯಾಸವನ್ನು ಅಟ್ಲಾಂಟಿಕ್ ಸಾಗರದ ನಡುವೆ ಸುಮಾರು 3500 ಮೀಟರ್ ಆಳದಲ್ಲಿ ಇಂದಿಗೂ ನೋಡಬಹುದು. ಪೀಟರ್ ರೋನಾ ಮತ್ತು ಅಡಾಲ್ಫ್ ಸೈಲಾಕರ್ ಜಲಾಂತರ್ವಾಹಿನಿಯ ನೆರವಿನಿಂದ ಅಂಥ ಬಲೆಗಳನ್ನು ಅಗೆದು ನೋಡಿದರು. ಬಲೆ ಇತ್ತು, ಹೆಣೆದ ಪ್ರಾಣಿ ಸಿಗಲಿಲ್ಲ.

ಗುಂಡಿ ತೋಡಿದ ಬೆಟ್ಟ ಸುಮ್ಮನೆ ನಿಲ್ಲಲಿಲ್ಲ. ಅಪೆನ್ನೈನ್ ಈಶಾನ್ಯಕ್ಕೆ ಮುಂದೊತ್ತುತ್ತಲೇ ಬಂತು. ತಗ್ಗಿನ ತಳದಡಿ ಬಿರುಕು ಹುಟ್ಟಿ ಕೆಲವೆಡೆ ತಳವೇ ಉಬ್ಬಿತು. ಇಳಿಜಾರುಗಳಿಂದ ಅಗಾಧ ಕುಸಿತಗಳು ಜಾರಿಬಂದು ಅಚ್ಚುಕಟ್ಟಾದ ಪದರಗಳ ನಡುವೆ ಕಲಸಿದ ಕಲ್ಲಿನ ರಾಶಿಗಳಾಗಿ ಕೂತವು. ಆಮೇಲೆ ತುಂಬಿದ ಗುಂಡಿಯನ್ನೇ ಬೆಟ್ಟ ಹೋಳುಹೋಳಾಗಿ ಕಿತ್ತು, ಒಂದರ ಮೇಲೊಂದು ಹೇರಿ, ತನ್ನ ಮೈಗೆ ಸೇರಿಸಿಕೊಂಡಿತು. ಹೊಸ ತಗ್ಗು ಇನ್ನೂ ಮುಂದೆ ಹುಟ್ಟಿತು. ಇವತ್ತು ಆ ತಗ್ಗು ಪೋ ನದಿಯ ಬಯಲಿನಡಿ, ಆಡ್ರಿಯಾಟಿಕ್ ಸಮುದ್ರದಡಿ ಇದೆ. 1944ರಲ್ಲಿ ಕಾವಿಯಾಗಾದಲ್ಲಿ ನೈಸರ್ಗಿಕ ಅನಿಲ ಸಿಕ್ಕಿದ್ದು ಆ ಬಯಲಿನಡಿಯ ಮರಳು ಪದರಗಳಲ್ಲಿ. ಯುದ್ಧಾನಂತರದ ಇಟಲಿಯ ಕೈಗಾರಿಕೆಗೆ ಅದು ಆಸರೆಯಾಯಿತು. ಬಯಲು ಮೇಲೆ ಚಪ್ಪಟೆ. ಒಳಗೆ ಬೆಟ್ಟದ ಮುಂಚೂಣಿ ಹೂತು ಕೂತಿದೆ, ಈಗಲೂ ಒತ್ತುತ್ತಿದೆ. 2012ರ ಮೇ ತಿಂಗಳಲ್ಲಿ ಎಮಿಲಿಯಾ ಪ್ರದೇಶವನ್ನು ಅಲುಗಿಸಿದ ಭೂಕಂಪಗಳು ಆ ಹೂತ ಬಿರುಕುಗಳಿಂದಲೇ ಬಂದವು.

ನಮ್ಮ ಹಿಮಾಲಯದ ಮುಂದೆಯೂ ಇಂಥದೇ ಬಾಗಿದ ತಗ್ಗು ಇದೆ, ಅದೇ ಗಂಗೆಯ ಬಯಲು. ಅಲ್ಲೂ ಆರಂಭದಲ್ಲಿ ಸಮುದ್ರವಿತ್ತು; ಹಿಮಾಚಲದ ಸುಬಾಥು ಊರಿನ ಹೆಸರಿನ ಶಿಲೆಗಳಲ್ಲಿ ಅದರ ಪಳೆಯುಳಿಕೆಗಳಿವೆ. ಆದರೆ ಅದು ಆಳವಿಲ್ಲದ ಸಮುದ್ರ. ಹಿಮಾಲಯದ ನದಿಗಳು ತಂದ ಮೆಕ್ಕಲಿಗೆ ಗುಂಡಿ ಸಾಲದೆ ಹೋಗಿ, ಅದು ತುಂಬಿ ನೆಲವಾಯಿತು. ಮಿಕ್ಕದ್ದು ಗಂಗಾ, ಬ್ರಹ್ಮಪುತ್ರಗಳ ಮುಖಜಭೂಮಿಯಿಂದಾಚೆ, ಬಾಂಗ್ಲಾದೇಶದ ಕರಾವಳಿಯಾಚೆಯ ಆಳ ಕಂದರದ ಮೂಲಕ ಬಂಗಾಳ ಕೊಲ್ಲಿಗೆ ಇಳಿಯಿತು, ಇಳಿಯುತ್ತಲೂ ಇದೆ. ಟರ್ಬಿಡಿಟಿ ಪ್ರವಾಹಗಳು ಹರಡಿದ ಆ ಹೂಳಿನ ಬೀಸಣಿಗೆ ಸುಮಾರು 3000 ಕಿಲೋಮೀಟರ್ ಉದ್ದ, ಭೂಮಧ್ಯರೇಖೆಯನ್ನೂ ದಾಟುತ್ತದೆ. 2015ರಲ್ಲಿ ಜಾಯ್ಡೆಸ್ ರೆಸಲ್ಯೂಷನ್ ಹಡಗು ಉತ್ತರ ಅಕ್ಷಾಂಶ 8 ಡಿಗ್ರಿಯ ಗುಂಟ ಏಳು ಕಡೆ ಅದನ್ನು ಕೊರೆದು ಹಿಮಾಲಯದ ಸವೆತದ ಚರಿತ್ರೆಯನ್ನು ಮೇಲೆತ್ತಿತು. ಅಂಡಮಾನಿನ ಕಾರ್ಬಿನ್ಸ್ ಕೋವ್ ಕಡಲತೀರಕ್ಕೆ ಹೋಗುವ ಕನ್ನಡಿಗರು ಬಹಳ. ಅಲ್ಲಿ ಅಲೆಗೆ ತೊಯ್ಯುವ ಓರೆಯಾದ ಮರಳುಗಲ್ಲು–ಜೇಡಿ ಪಟ್ಟೆಗಳು ಮೇಲೆದ್ದ ಟರ್ಬಿಡೈಟುಗಳೇ. ಅವುಗಳ ಮರಳು ಎಷ್ಟು ಹಿಮಾಲಯದ್ದು, ಎಷ್ಟು ಮ್ಯಾನ್ಮಾರ್ ಕಡೆಯದು ಎಂಬ ಚರ್ಚೆ ಇನ್ನೂ ನಡೆದಿದೆ. ಅಪೆನ್ನೈನಿನಲ್ಲಿ ಕೇಳಿದ ಅದೇ ಪ್ರಶ್ನೆ.

ಕರ್ನಾಟಕದೊಳಗೂ ಟರ್ಬಿಡೈಟ್ ಇದೆ. ರಾಣೆಬೆನ್ನೂರಿನ ಸುತ್ತಲಿನ ಗ್ರೇವ್ಯಾಕ್ ಎಂಬ ಕಪ್ಪು ಬೂದುಗಲ್ಲು ಸುಮಾರು 260 ಕೋಟಿ ವರ್ಷಗಳ ಹಿಂದೆ ಇಂಥ ಪ್ರವಾಹಗಳು ತಂದು ಹಾಕಿದ ಹೂಳು. ಅಪೆನ್ನೈನಿನ ಪಟ್ಟೆಗಳಿಗಿಂತ ಅದು ಎಷ್ಟೋ ಹೆಚ್ಚು ನೊಂದ ಕಲ್ಲು, ಒತ್ತಡಕ್ಕೆ ಸಿಕ್ಕಿ ಮಡಿಚಿ ಹಲವೆಡೆ ನೆಟ್ಟಗೆ ನಿಂತಿದೆ. ಹಾಗೆ ನಿಂತ ಪದರದ ಯಾವ ಮಗ್ಗುಲು ಮೇಲಿತ್ತು, ಯಾವುದು ಕೆಳಗಿತ್ತು ಎಂದು ತಿಳಿಯಬೇಕಾದಾಗ ಭೂವಿಜ್ಞಾನಿಗಳು ಮೊದಲು ಹುಡುಕುವುದು ಮಿಲ್ಯೊರೀನಿ ಗಮನಿಸಿದ ಅದೇ ಕ್ರಮವನ್ನು. ಲೆನ್ಸ್ ಹಿಡಿದು ಕಲ್ಲಿನ ಅಡ್ಡಕ್ಕೆ ಸಾಗಿದರೆ ಕಣ ದಪ್ಪವಾಗಿ ಶುರುವಾಗುವ ಕಡೆಯೇ ಪದರದ ಬುಡ, ನವಿರಾಗಿ ಜೇಡಿಯಲ್ಲಿ ಮುಗಿಯುವ ಕಡೆ ಅದರ ನೆತ್ತಿ.