ಡಿವಿಡಿ ವಲಯ ಸಂಕೇತ
ಡಿವಿಡಿ ವಲಯ ಸಂಕೇತವು ಒಂದು ಭೂಭಾಗದಲ್ಲಿ ಮಾರಾಟವಾದ ಡಿಸ್ಕ್ ಇನ್ನೊಂದು ಭೂಭಾಗದ ಪ್ಲೇಯರ್‌ನಲ್ಲಿ ನಡೆಯದಂತೆ ತಡೆಯುವ ವ್ಯವಸ್ಥೆಯಾಗಿದೆ. ಅಮೆರಿಕ ಸಂಯುಕ್ತ ಸಂಸ್ಥಾನ ಮತ್ತು ಕೆನಡಾ 1ನೆಯ ವಲಯಕ್ಕೂ, ಜಪಾನ್ ಮತ್ತು ಪಶ್ಚಿಮ ಯುರೋಪ್ 2ನೆಯ ವಲಯಕ್ಕೂ, ಭಾರತವು 5ನೆಯ ವಲಯಕ್ಕೂ ಸೇರಿವೆ.

ಅಮೆರಿಕದಿಂದ ತಂದ ಡಿಸ್ಕ್ ಭಾರತದಲ್ಲಿ ಸರಿಯಾಗಿ ಕಾಣದಿರಲು ವಲಯವೊಂದೇ ಕಾರಣವಲ್ಲ. ಅಲ್ಲಿನ ಎನ್‌ಟಿಎಸ್‌ಸಿ ಪದ್ಧತಿಯಲ್ಲಿ ಚಿತ್ರಕ್ಕೆ 480 ಗೆರೆಗಳಿದ್ದರೆ, ಇಲ್ಲಿನ ಪಾಲ್ ಪದ್ಧತಿಯಲ್ಲಿ 576 ಇರುತ್ತವೆ. ಆದಕಾರಣ ಎಲ್ಲ ವಲಯಗಳ ಡಿಸ್ಕ್‌ಗಳನ್ನು ಓದುವ ಪ್ಲೇಯರ್ ಇದ್ದರೂ, ಪಾಲ್ ಮಾತ್ರ ಬಲ್ಲ ಹಳೆಯ ಟಿವಿಯಲ್ಲಿ ಚಿತ್ರವು ಬಣ್ಣ ಕಳೆದುಕೊಳ್ಳಬಹುದು ಅಥವಾ ಉರುಳಬಹುದು. ಒಂದು ಪದ್ಧತಿಯಿಂದ ಇನ್ನೊಂದಕ್ಕೆ ಪರಿವರ್ತಿಸುವ ಪ್ಲೇಯರ್ ಈ ತೊಡಕನ್ನು ನಿವಾರಿಸುತ್ತದೆ.

ಗಣಕಯಂತ್ರದ ಡಿವಿಡಿ ಡ್ರೈವ್‌ನಲ್ಲಿ ಬಳಕೆದಾರರು ವಲಯವನ್ನು ಸಾಮಾನ್ಯವಾಗಿ 5 ಬಾರಿ ಮಾತ್ರ ಬದಲಾಯಿಸಬಹುದು. ಬಳಿಕ ಕೊನೆಯದಾಗಿ ಆರಿಸಿದ ವಲಯವೇ ಶಾಶ್ವತವಾಗಿ ಉಳಿಯುತ್ತದೆ. ಆಪರೇಟಿಂಗ್ ಸಿಸ್ಟಮ್ ಅನ್ನು ಮತ್ತೆ ಅಳವಡಿಸಿದರೂ ಈ ಎಣಿಕೆ ಅಳಿಯದು, ಏಕೆಂದರೆ ಅದು ಡ್ರೈವ್‌ನಲ್ಲಿಯೇ ದಾಖಲಾಗಿರುತ್ತದೆ.